ಸಿಪ್ಪೆ ರಾಶಿಯ ಜ್ವರ

ನಾಯಿಗಳು ಎಲ್ಲಿ ಮಲಗುತ್ತವೆ ಎಂದು ನೀವು ಯಾವತ್ತಾದರೂ ಗಮನಿಸಿದ್ದೀರಾ? ನಾನೂ ಗಮನಿಸಿರಲಿಲ್ಲ, ಹೋದ ಸೋಮವಾರದವರೆಗೆ.

ಅಕ್ಕನ ಗಂಡ ಸಿದ್ದರಾಜು ಭಾವ ಹನೂರು ಕಡೆಯ ಒಂದು ಪವರ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾರೆ. (ಪ್ಲಾಂಟಿನ ಹೆಸರು ಬೇಡ, ಭಾವನ ಕೆಲಸ ಉಳಿಯಲಿ.) ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ ಸುಟ್ಟು ಅಲ್ಲಿ ಕರೆಂಟ್ ತೆಗೆಯುತ್ತಾರೆ. ಅಂಗಳದಲ್ಲಿ ಎರಡು ಮಹಡಿ ಎತ್ತರದ ಸಿಪ್ಪೆ ರಾಶಿ. ಅದರ ಜ್ವರ ನೋಡುವುದೇ ಭಾವನ ಡ್ಯೂಟಿ.

ಹೌದು, ಜ್ವರ! ಒತ್ತಿ ಕೂತ ಹಸಿ ಸಿಪ್ಪೆ ಒಳಗೊಳಗೇ ಕಾಯುತ್ತದಂತೆ. ಯಾರೂ ಕಡ್ಡಿ ಗೀರಬೇಕಿಲ್ಲ. ಭಾವ ದಿನಾ ಮಾರುದ್ದದ ಸಲಾಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ತುದಿಯನ್ನು ಮುಂಗೈಗೆ ತಾಗಿಸಿ ನೋಡುತ್ತಾರೆ.

ಸೋಮವಾರ ಮಾದಪ್ಪ ದೇವರ ವಾರ. ಅವತ್ತು ರಾಶಿಯ ನೆತ್ತಿಯ ಮೇಲೆ ಕರ್ಪೂರ ಹಚ್ಚುವುದು ಅಲ್ಲಿನ ವಾಡಿಕೆ. (ಬೆಂಕಿ ಬೀಳದಿರಲಿ ಎಂದು ಬೆಂಕಿ ಹಚ್ಚುವುದು! ನಗಬೇಡಿ, ಅಕ್ಕನ ಮನೆಗೆಂದು ಹೋಗಿ ತಟ್ಟೆ ಹಿಡಿದಿದ್ದವನು ನಾನೇ.)

ಬೆಳಗ್ಗೆ ತುಂತುರು ಬಿದ್ದು ರಾಶಿಯೆಲ್ಲ ಒದ್ದೆ. ಭಾವ ಸಲಾಕೆ ಎಳೆದು ನೋಡಿದರು. "ತಣ್ಣಗೈತೆ. ನಡಿ, ಮ್ಯಾಕ್ಕೋಗವ."

ನೆತ್ತಿಯ ಹತ್ತಿರ ಮೂರು ನಾಯಿಗಳು ಮುದುಡಿ ಮಲಗಿದ್ದವು. ನಮ್ಮನ್ನು ಕಂಡು ಎದ್ದು ಹೋದವು. ಅವುಗಳ ಪಕ್ಕದಲ್ಲೇ ಚಾಪೆಯಗಲ ಸಿಪ್ಪೆ ಪೂರ್ತಿ ಒಣಗಿತ್ತು. ಹೊಗೆಯಿಲ್ಲ. ಪಾಕ ತಳ ಹಿಡಿದಂಥ ವಾಸನೆ ಮಾತ್ರ.

"ಇಲ್ಲಿಗೆ ಮಾತ್ರ ಮಳೆ ಬಿದ್ದಿಲ್ವಾ ಭಾವ?" ಎಂದು ತಮಾಷೆ ಮಾಡುತ್ತಾ ಅತ್ತ ಹೆಜ್ಜೆ ಎತ್ತಿದೆ.

ಭಾವ ನನ್ನ ಅಂಗಿ ಹಿಡಿದೆಳೆದರು. "ನಿಂತ್ಕಳ್ಳಾ! ಅಲ್ಗೆ ಕಾಲಿಕ್ಬ್ಯಾಡ!"

ನಿಂತಲ್ಲಿಂದಲೇ ಕೈಚಾಚಿ ಆ ಒಣ ಜಾಗಕ್ಕೆ ಸಲಾಕೆ ಚುಚ್ಚಿದರು. ತಡೆಯೇ ಸಿಗಲಿಲ್ಲ. ಸಲಾಕೆ ಕೈಜಾರಿ ಒಳಗೆ ಹೋಯಿತು. ಬಿದ್ದ ಸದ್ದಿಗೆ ಕಾದೆವು. ಬರಲಿಲ್ಲ. ಆಮೇಲೆ ಆ ತೂತಿನಿಂದ ದಾರದಂಥ ಹೊಗೆ ಎದ್ದಿತು, ಯಾರೋ ಒಳಗೆ ಕೂತು ಬೀಡಿ ಸೇದುತ್ತಿರುವ ಹಾಗೆ. ಕರ್ಪೂರ ಹಚ್ಚದೆಯೇ ತಟ್ಟೆ ಹಿಡಿದು ಇಳಿದೆ, ಸುಳ್ಳೇಕೆ ಹೇಳಲಿ?

ಕೆಳಗಿಳಿದ ಮೇಲೆ ಭಾವ ಮೆಲ್ಲಗೆ ಹೇಳಿದರು: "ನೆನ್ನೆ ಅಲ್ಲೇ ನಿಂತಿದ್ದೆ ಕಣ್ಲಾ. ನಾಯಿ ಬೆಚ್ಗಿರೋ ಕಡೆನೇ ಮಲ್ಗದು. ನನ್ ತಲೆಗೆ ಒಳೀನೇ ಇಲ್ಲ."

ನೀರು ಹೊಡೆಯುತ್ತಾ ಜೆಸಿಬಿಯಲ್ಲಿ ಕೆದರಿದಾಗ ಒಳಗೆ ಆಳೆತ್ತರದ ಪೊಳ್ಳು, ಸುತ್ತ ಕೆಂಡ.

ಎರಡು ಮಹಡಿ ರಾಶಿಗೆ ಒಂದು ಮಾರಿನ ಸಲಾಕೆ! ಯಾರೂ ಕೇಳಲಿಲ್ಲವೇ? ನಮ್ಮ ಆಫೀಸಿನಲ್ಲಿ ಬೆಂಕಿ ಆರಿಸಲೆಂದು ಇಟ್ಟ ಕೆಂಪು ಬಕೆಟ್ಟಿನಲ್ಲಿ ಮರಳಿಗಿಂತ ಎಲೆಯಡಿಕೆ ಉಗುಳೇ ಜಾಸ್ತಿ, ನಾನು ಯಾವ ಬಾಯಲ್ಲಿ ಕೇಳಲಿ? ಕೈಗೆ ಎಟುಕಿದಷ್ಟು ಮುಟ್ಟಿ ನೋಡಿ 'ತಣ್ಣಗಿದೆ' ಎನ್ನುವವರೇ ನಾವೆಲ್ಲ. ರಾಶಿ ತಗ್ಗಿಸುತ್ತೇವೆ, ಉದ್ದನೆಯ ಸಲಾಕೆ ತರಿಸುತ್ತೇವೆ ಎಂದರು ಅಲ್ಲಿನ ಸಾಹೇಬರು.

ನಿನ್ನೆ ಫೋನ್ ಮಾಡಿ ಕೇಳಿದೆ, ಸಲಾಕೆ ಬಂತಾ ಎಂದು.

"ಇನ್ನೂ ಇಲ್ಲ ಕಣ್ಲಾ," ಎಂದರು ಭಾವ. "ನಾಯ್ಗೊಳು ಮಾತ್ರ ಜಾಗ ಬದಲಾಯ್ಸವೆ."