ಕಡಬಿಗೆ ಎತ್ತಿದ ಕೈ

ಕುಂಕುಮ ಹಚ್ಚಬಹುದು. ಹೂ ಏರಿಸಬಹುದು. ಆರತಿಯನ್ನೂ ಬೆಳಗಬಹುದು. ತೆರೆದು ಓದುವಂತಿಲ್ಲ. ಏನದು ಹೇಳಿ?

ನಮ್ಮ ಕಂಪನಿಯ ಪುಸ್ತಕ.

ಕಂಪನಿ ಎಂದ ಕೂಡಲೇ ಗಾಜಿನ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಹಡಪಸರದಲ್ಲಿ ಎರಡು ಕೋಣೆಯ ಆಫೀಸು, ಕಾತ್ರಜದಲ್ಲಿ ಒಂದು ಅಡುಗೆಮನೆ. ಮಾರುವುದು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಹೆಸರಿನ ಬಾಲದಲ್ಲಿ ಮಾತ್ರ ಪ್ರೈವೇಟ್ ಲಿಮಿಟೆಡ್. ಕಟ್ಟಿದವರು ನನ್ನ ಸೋದರತ್ತೆ ಶಾಂತಾಳ ಗಂಡ. ಅವರು ತೀರಿಕೊಂಡ ಮೇಲೆ ಅವರ ತಮ್ಮ ವಸಂತಮಾಮಾ ಎಂಡಿ. ಅತ್ತೆ ಷೇರುದಾರಳು. ಆದರೂ ಕಾತ್ರಜದಲ್ಲಿ ಒಂಬತ್ತು ಹೆಂಗಸರ ಜೊತೆ ದಿನವೂ ಹುರಿಯುತ್ತಾಳೆ, ಕುಟ್ಟುತ್ತಾಳೆ. ನಾನೂ ಷೇರುದಾರನೇ. (ಹದಿನೆಂಟು ತುಂಬಿದಾಗ ವಾಚು ಕೇಳಿದ್ದೆ. ಹತ್ತು ಷೇರು ಕೊಟ್ಟು ಸುಮ್ಮನಾಗಿಸಿದರು.)

ಹೋದ ವಾರ ಅತ್ತೆಯ ಫೋನು. "ಕಾತ್ರಜದ ಅಡಿಗಿಮನಿ ಬಂದ್ ಮಾಡ್ತಾರಂತ. ವಾರ್ಷಿಕ ಸಭಾದಾಗ ಠರಾವು ಆಗ್ಯದಂತ, ಸರ್ವಾನುಮತದಿಂದ. ಆ ಸರ್ವರೊಳಗ ನಾ ಇಲ್ಲೇನೋ?"

ನಾನು ಮೊಬೈಲಿನಲ್ಲಿ ಹುಡುಕಿ ಹತ್ತೇ ನಿಮಿಷದಲ್ಲಿ ವಕೀಲನಾದೆ. ಆಡಳಿತ ಮಂಡಳಿಯ ಸಭೆಯಲ್ಲಿ ಏನು ಮಾತಾಡಿದರೆಂದು ಷೇರುದಾರ ನೋಡುವಂತಿಲ್ಲ. ಆದರೆ ಷೇರುದಾರರ ಸಭೆಯ ಠರಾವುಗಳನ್ನು, ಅಂದರೆ ನಿರ್ಣಯಗಳನ್ನು, ಬರೆದಿಡುವ ನಡಾವಳಿ ಪುಸ್ತಕವನ್ನು ಆಫೀಸ್ ವೇಳೆಯಲ್ಲಿ ಪುಕ್ಕಟೆ ನೋಡಬಹುದು. ಕಾನೂನು ಬಾಗಿಲು ಹಾಕಿ ಒಂದು ಕಿಟಕಿ ಬಿಟ್ಟಿದೆ. ಸರಿ, ಕಿಟಕಿಯಾದರೂ ಸರಿ ಎಂದು ಹೊರಟೆವು.

ಆಫೀಸಿನಲ್ಲಿ ಲೆಕ್ಕಪತ್ರ ಬರೆಯುವ ಜೋಶಿಕಾಕಾ ಇದ್ದರು. ಮೂಲತಃ ಬೆಳಗಾವಿಯವರು, ಒಳ್ಳೆಯ ಕನ್ನಡ. 'ಇಲ್ಲ' ಎನ್ನುವಾಗ ಮಾತ್ರ ಮರಾಠಿ.

"ಉದ್ಯಾ ಯಾ," ಎಂದರು. ನಾಳೆ ಬನ್ನಿ.

"ಇವತ್ತ ಯಾಕ ಆಗೂದಿಲ್ಲ?" ಎಂದಳು ಅತ್ತೆ.

"ಪುಸ್ತಕ ಸಿಎ ಕಡೆ ಅದರಿ."

ನಾನು ಅಲ್ಲೇ ಸಿಎಗೆ ಫೋನ್ ಹಚ್ಚಿದೆ. ಅವರ ಬಳಿ ಇರಲಿಲ್ಲ. ಜೋಶಿಕಾಕಾ ಕನ್ನಡಕ ಒರೆಸಿಕೊಂಡರು. "ಖರೆ ಹೇಳ್ಬೇಕಂದ್ರ ದೇವರ ಕಪಾಟಿನ್ಯಾಗ ಅದ. ದೀಪಾವಳಿ ಪೂಜಾಕ್ಕ ಹೊರಗ ತೆಗೀತೀವಿ. ನಡುವ ಮುಟ್ಟಂಗಿಲ್ಲರಿ."

ನನಗೆ ದನಿ ಅನುಕರಿಸುವ ನನ್ನ ವಿದ್ಯೆ ನೆನಪಾಯಿತು. ಒಳಕೋಣೆಗೆ ಹೋಗಿ ಇಂಟರ್‌ಕಾಮ್ ಎತ್ತಿ ವಸಂತಮಾಮಾನ ದನಿಯಲ್ಲಿ, "ಜೋಶಿ, ವೈನಿಗೆ ಪುಸ್ತಕ ಕೊಡ್ರಿ," ಎಂದು ಹೇಳಿ ಕೆಮ್ಮಿದೆ. ಮಾಮಾ ಅತ್ತೆಯನ್ನು ಕರೆಯುವುದು ವೈನಿ, ಅಂದರೆ ಅತ್ತಿಗೆ, ಎಂದೇ. ಎಲ್ಲ ಸರಿಯಾಗಿತ್ತು.

ಜೋಶಿಕಾಕಾ ಬಾಗಿಲಲ್ಲಿ ಇಣುಕಿದರು. "ಸಾಹೇಬ್ರು ಕೆಮ್ಮಿ ಮಾತಾಡ್ತಾರ. ಮಾತಾಡಿ ಕೆಮ್ಮಂಗಿಲ್ಲ."

(ಹದಿನೈದು ವರ್ಷದ ಸಾಧನೆ ನೀರಲ್ಲಿ ಹೋಮವಾಯಿತು.)

ಅತ್ತೆ ಮಾತ್ರ ಶಾಂತವಾಗಿ ಕೇಳಿದಳು. "ಆಫೀಸ್ ಎಷ್ಟರ ತನಕಾ?"

"ಆರರ ತನಕಾ ರಿ."

"ಹಂಗಾರ ಕೂಡ್ತೀನಿ." ಕುರ್ಚಿಯ ಮೇಲೆ ಕೂತು ಚೀಲದಿಂದ ಬೆಳ್ಳುಳ್ಳಿ ತೆಗೆದಳು. ಎರಡು ಕಿಲೋ. ಸುಲಿಯತೊಡಗಿದಳು. ಸಿಪ್ಪೆ ಫ್ಯಾನಿನ ಗಾಳಿಗೆ ಹಾರಿ ಕಂಪ್ಯೂಟರಿನ ಮೇಲೆ, ಫೈಲಿನ ಮೇಲೆ, ಜೋಶಿಕಾಕಾರ ಚಹದ ಕಪ್ಪಿನಲ್ಲಿ ಇಳಿಯಿತು. ಅರ್ಧ ಕಿಲೋ ಮುಗಿಯುವಷ್ಟರಲ್ಲಿ ದೇವರ ಕಪಾಟು ತೆರೆಯಿತು. ಕಾಯ್ದೆ ಪುಸ್ತಕದಲ್ಲಿ ಬೆಳ್ಳುಳ್ಳಿಯ ಪ್ರಸ್ತಾಪವಿಲ್ಲ. ಇರಬೇಕಿತ್ತು.

ಕುಂಕುಮ ಹತ್ತಿದ ಹಾಳೆ ಬಿಡಿಸಿ ಓದಿದೆ. ಸಭೆಯ ಸ್ಥಳ: ಎಂಡಿಯವರ ಮನೆ. ದಿನ: ಗಣಪತಿ ಹಬ್ಬದ್ದು. ಹಾಜರಿ: ಎಲ್ಲರದ್ದೂ, ಸಹಿ ಸಮೇತ. ಠರಾವು ನಾಲ್ಕು: ಲಗತ್ತಿಸಿದ ಟಿಪ್ಪಣಿಯಂತೆ ಕಾತ್ರಜ ಘಟಕದ ವಿಷಯ. 'ಅಧ್ಯಕ್ಷರು ಒಪ್ಪಿಗೆ ಕೇಳಲಾಗಿ ಸರ್ವರೂ ಕೈ ಎತ್ತಿದರು.'

ಕೊನೆಯ ಸಾಲನ್ನು ಇನ್ನೊಮ್ಮೆ ಓದಿದೆ.

ನಮ್ಮ ಪದ್ಧತಿ ಹೀಗೆ. ಹಬ್ಬದ ಊಟಕ್ಕೆ ಎಲ್ಲರೂ ಸೇರುತ್ತೇವೆ. ಎಲೆ ಹಾಕುವ ಮೊದಲು ಒಂದು ರಿಜಿಸ್ಟರ್ ಕೈಯಿಂದ ಕೈಗೆ ಬರುತ್ತದೆ, ಸಹಿ ಹಾಕುತ್ತೇವೆ. ಅದೇ ನಮ್ಮ ವಾರ್ಷಿಕ ಸಭೆ. ಒಳಗಿಂದ ಕಡಬಿನ ವಾಸನೆ ಬರುವಾಗ ಟಿಪ್ಪಣಿ ಓದುವವ ಮನುಷ್ಯನೇ? ಈ ಸಲ ಮಾಮಾ ಫೋನ್ ಬಂತೆಂದು ಬಾಲ್ಕನಿಗೆ ಹೋದರು. "ಮಾಮಾನ್ನ ಮಾಡಿ ತೋರ್ಸೋ," ಎಂದು ಎಲ್ಲರೂ ಗಂಟು ಬಿದ್ದರು. ನನಗೆ ಅಷ್ಟು ಸಾಕು. ಅವರ ಶಾಲು ಹೊದ್ದೆ. ಟೇಬಲ್ ಮೇಲಿದ್ದ ಕಾಗದ ಎತ್ತಿ, "ಠರಾವು ನಾಕು. ಎಲ್ಲಾರ ಒಪ್ಪಿಗಿ ಅದನ?" ಎಂದು ಗುಡುಗಿದೆ. ನಕ್ಕು ನಕ್ಕು ಎಲ್ಲರೂ ಕೈ ಎತ್ತಿದರು. ಅತ್ತೆ ಎರಡೂ ಕೈ. ಮೂಲೆಯಲ್ಲಿ ಕೂತ ಜೋಶಿಕಾಕಾ ಅದನ್ನೂ ಬರೆದುಕೊಂಡರು.

ಅಂದರೆ ಅತ್ತೆಯ ಅಡುಗೆಮನೆಗೆ ಬೀಗ ಹಾಕಿದವನು ನಾನೇ. ಅದೂ ಮಿಮಿಕ್ರಿಯಲ್ಲಿ.

ಅಷ್ಟರಲ್ಲಿ ಮಾಮಾ ಬಂದರು. (ಜೋಶಿಕಾಕಾ ಸುದ್ದಿ ಮುಟ್ಟಿಸಿದ್ದರು.) ಕೆಮ್ಮಿ ಮಾತಾಡಿದರು. "ವೈನಿ, ಮಷಿನ್ ಹಾಕಿದ್ರ ಕೆಲಸ ಹಗುರ ಆಗ್ತದ. ನೀವೂ ಕೈ ಎತ್ತೀರಲ್ಲ."

"ಮಷಿನ್ ಪುಡಿ ಮಾಡ್ತದ ವಸಂತ, ಚಟ್ನಿ ಮಾಡೂದಿಲ್ಲ. ಕೈ ಎತ್ತೀನಿ, ಖರೆ. ಕೇಳಿದಂವ ಯಾರು?"

"ಅಧ್ಯಕ್ಷ. ಅಂದ್ರ ನಾನು."

"ನೀ ಬಾಲ್ಕನ್ಯಾಗ ಇದ್ದಿ. ಅಧ್ಯಕ್ಷ ಆಗಿದ್ದಂವ ಈ ನನ್ನ ಅಳಿಯ, ನಿನ್ನ ಶಾಲು ಹೊತ್ಕೊಂಡು. ಹಂಗs ಬರಿ ಪುಸ್ತಕದಾಗ. ನಕಲು ನನಗೂ ಒಂದು ಕೊಡು."

ಜೋಶಿಕಾಕಾರ ಪೆನ್ನು ಗಾಳಿಯಲ್ಲೇ ನಿಂತಿತು. ಮಾಮಾ ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಬೆಳ್ಳುಳ್ಳಿಯನ್ನು ನೋಡಿದರು. ಚೀಲದಲ್ಲಿ ಇನ್ನೂ ಒಂದೂವರೆ ಕಿಲೋ ಇತ್ತು.

"ಮತ್ತೊಮ್ಮೆ ಸಭಾ ಕರಿಯೂಣಂತ," ಎಂದರು. ಕೆಮ್ಮಲು ಮರೆತಿದ್ದರು.

ನಿನ್ನೆ ನೋಟಿಸ್ ಬಂತು. ಸ್ಥಳ ಕಾತ್ರಜದ ಅಡುಗೆಮನೆ. ಊಟ ಸಭೆಯ ನಂತರ. ಅಲ್ಲಿಯವರೆಗೆ ಒಲೆ ಆರುವುದಿಲ್ಲ. ಆ ದಿನ ಏನಾಗುತ್ತದೋ ಗೊತ್ತಿಲ್ಲ, ಟಿಪ್ಪಣಿಯನ್ನಂತೂ ಅತ್ತೆ ನನ್ನಿಂದಲೇ ಗಟ್ಟಿಯಾಗಿ ಓದಿಸುತ್ತಾಳಂತೆ. ನನ್ನ ಸ್ವಂತ ದನಿಯಲ್ಲಿ. (ಅದು ಹೇಗಿತ್ತೆಂದು ನೆನಪಿಸಿಕೊಳ್ಳುತ್ತಿದ್ದೇನೆ.)

ಹೋದ ಹಬ್ಬದಲ್ಲಿ ನೀವೂ ಕೈ ಎತ್ತಿದ್ದಿರಲ್ಲ, ಅದು ಕಡಬಿಗೇ ಎಂದು ಖಾತ್ರಿಯಿದೆಯೇ?