ಮೂರು ಗಂಟೆಯ ಕ್ಯಾಸೆಟ್

ಮೊನ್ನೆ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ನಿಗೆ ಮೊದಲು ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದ ಹತ್ತಿ ಒರೆಸಿದಾಗ ಆ ಮನುಷ್ಯ ನೆನಪಾದ. ಬೆನ್ಸನ್ ಟೌನಿನಲ್ಲಿ ನಮ್ಮ ರಸ್ತೆಯ ತುದಿಗೆ ವಿಡಿಯೋ ಲೈಬ್ರರಿ ಇಟ್ಟಿದ್ದವನು. ವಿಸಿಆರ್‌ನ ಹೆಡ್ ಒರೆಸಲು ಅದೇ ಸ್ಪಿರಿಟ್ ಬಳಸುತ್ತಿದ್ದ. ಮೆಟ್ಟಿಲು ಹತ್ತುವಾಗಲೇ ಆಸ್ಪತ್ರೆಯಂಥ ವಾಸನೆ. ಬೀದಿಗೆಲ್ಲ ಅವನು ಲೈಬ್ರರಿ ಅಂಕಲ್. ನನಗಿಂತ ಚಿಕ್ಕವನಾದರೂ ನಾನೂ ಹಾಗೇ ಕರೆಯುತ್ತಿದ್ದೆ.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಕ್ರಿಸ್ಮಸ್ ಎಂದರೆ ನಮ್ಮ ಮನೆಯಲ್ಲಿ ಕಲ್‌ಕಲ್, ರೋಸ್ ಕುಕ್ಕೀಸ್‌ನಂಥ ಕರಿದ ತಿಂಡಿ, ಮತ್ತೆ ಅವನು ತರುತ್ತಿದ್ದ ಒಂದು ಬ್ಲ್ಯಾಕ್ ಅಂಡ್ ವೈಟ್ ಇಂಗ್ಲಿಷ್ ಪಿಕ್ಚರ್. ಕಥೆ ವೆರಿ ಸಿಂಪಲ್. ತಾಯಿಯೊಡನೆ ಜಗಳವಾಡಿ ಮಗ ಮನೆ ಬಿಡುತ್ತಾನೆ. ಎಷ್ಟೋ ವರ್ಷ ಕಳೆದ ಮೇಲೆ ಕ್ರಿಸ್ಮಸ್ ಸಂಜೆ ಬೆಲ್ ಆಗುತ್ತದೆ. ಬಾಗಿಲಲ್ಲಿ ಮಗ, ಕೋಟಿನ ಮೇಲೆ ಹಿಮ. ಹಿಮವನ್ನೇ ಕಾಣದ ನಾವು ಆ ಬೆಲ್‌ಗಾಗಿ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು... ಡೈಲಾಗೆಲ್ಲ ಬಾಯಿಪಾಠ, ಆದರೂ ಪ್ರತಿ ಸಲ ಅಳು.

ಅಮ್ಮನ ಅಳು ಮಾತ್ರ ಬೇರೆ. ಅಣ್ಣ ತನ್ನಿಷ್ಟದ ಹುಡುಗಿಯನ್ನು ಮದುವೆಯಾದಾಗ ಅವನನ್ನು ಮನೆಯಿಂದ ಹೊರಗೆ ಹಾಕಿದವಳು ಅವಳೇ. ಅವನಿದ್ದದ್ದು ಬಂಗಾರಪೇಟೆಯಲ್ಲಿ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಟ್ರೇನ್ ಹತ್ತಿದರೆ ಊಟದ ಹೊತ್ತಿಗಿಂತ ಮುಂಚೆ ತಲುಪಬಹುದಾದಷ್ಟು ಹತ್ತಿರ.

"ಒಂದ್ಸಲ ಹೋಗ್ಬರೋಣ ಬಾಮ್ಮಾ" ಎಂದರೆ, "ನಾನ್ಯಾಕೆ ಹೋಗ್ಲಿ? ಪಿಕ್ಚರ್‌ನಲ್ಲಿ ಆಯಮ್ಮ ಹೋದ್ಲಾ? ಕಾದ್ಲು, ಅವನೇ ಬಂದ" ಎನ್ನುತ್ತಿದ್ದಳು.

ಕ್ಯಾಸೆಟ್ ಹಾಕಿಕೊಟ್ಟು, ಕೇಕ್ ತಿನ್ನುತ್ತ ಅಮ್ಮನ ಪಕ್ಕದಲ್ಲೇ ಕೂರುತ್ತಿದ್ದ ಲೈಬ್ರರಿ ಅಂಕಲ್ ತಲೆದೂಗುತ್ತಿದ್ದ. "ಕರೆಕ್ಟಾಗಿ ಹೇಳಿದ್ರಿ ಅಮ್ಮಾ. ನೋಡ್ತಿರಿ, ನಿಮ್ಮವನೂ ಹಿಂಗೇ ಬಂದು ಬೆಲ್ ಒತ್ತಾನೆ."

ಅಮ್ಮ ಕಾದಳು. ಮನೆಯ ಬೆಲ್ ಕೆಟ್ಟರೆ ಅವತ್ತೇ ರಿಪೇರಿ ಆಗಬೇಕಿತ್ತು. ಹಾಗೆ ಕಾಯುತ್ತಲೇ ಒಂದು ಬೆಳಗಿನ ಜಾವ ಹೋಗಿಬಿಟ್ಟಳು... ಸುದ್ದಿ ಹೇಳಲು ಬಂಗಾರಪೇಟೆಗೆ ನಾನೇ ಹೋದೆ. ಅಣ್ಣ ಬಾಗಿಲು ತೆಗೆದವನು ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ, ಗೇಟಿನ ಕಡೆ ನೋಡಿದ. "ಅಮ್ಮ ಬಂದಿದ್ದಾಳಾ?"

ಅದಾಗಿ ಕೆಲವು ವರ್ಷಕ್ಕೆ ಆ ಪಿಕ್ಚರ್ ಕೇಬಲ್ ಟಿವಿಯಲ್ಲಿ ಬಂತು. ನಡುವೆ ನಾನು ಎಂದೂ ಕಾಣದ ಒಂದು ಭಾಗ. ಆ ತಾಯಿ ಟ್ರೇನ್ ಹತ್ತುತ್ತಾಳೆ. ಮಗನ ರೂಮಿನ ಬಾಗಿಲು ತಟ್ಟಿ ಸಾರಿ ಕೇಳುತ್ತಾಳೆ. ಅವನು ಬರಲೊಪ್ಪುವುದಿಲ್ಲ, ಒಬ್ಬಳೇ ವಾಪಸಾಗುತ್ತಾಳೆ. ಅವಳು ಹೋಗಿದ್ದಳು. ಮೊದಲು ಹೋದವಳು ಅವಳು! ಮಗ ಬಂದದ್ದು ಆಮೇಲೆ.

ಮಾರನೆಯ ದಿನವೇ ಲೈಬ್ರರಿಗೆ ಹೋಗಿ ಕೇಳಿದೆ.

"ಅಯ್ಯೋ, ಅದಾ ಮೇಡಂ? ನಾನೇ ಕಟ್ ಮಾಡಿದ್ದೆ. ಮೂರು ಗಂಟೆ ಕ್ಯಾಸೆಟ್‌ನಲ್ಲಿ ಎರಡು ಪಿಕ್ಚರ್ ಹಿಡಿಸ್ಬೇಕಲ್ಲ? ಆ ಮುದುಕಿ ಟ್ರೇನಲ್ಲಿ ಸುಮ್ನೆ ಕಿಟಕಿ ನೋಡ್ಕೊಂಡು ಕೂತಿರೋದು... ಯಾರಿಗ್ ಬೇಕು? ಜನಕ್ಕೆ ಬೇಕಾಗಿದ್ದು ಬೆಲ್ ಸೀನು."

"ನಮ್ಮಮ್ಮ ಅದನ್ನೇ ನಂಬ್ಕೊಂಡು ಕೂತಿದ್ರು. ನಿಮಗೆ ಗೊತ್ತಿತ್ತು."

"ಪಿಕ್ಚರ್ ಅಲ್ವಾ ಮೇಡಂ..." ಎಂದು ನಕ್ಕ. ನಾನು ನಗಲಿಲ್ಲ. ಆಮೇಲೆ ಮೆಲ್ಲಗೆ ಅಂದ: "ಅವರೇನೋ ಸಮಾಧಾನವಾಗಿ ಇದ್ರಲ್ಲ. ಯಾಕೆ ಹೇಳಿ ನೋಯಿಸೋದು ಅಂತ..."

ಕತ್ತರಿ ಹಾಕಿದ್ದನ್ನು ನಾನು ಕ್ಷಮಿಸಿಯೇನು. ಅದು ಅವನ ಬಿಸಿನೆಸ್. ಬೇರೆ ಲೈಬ್ರರಿಗಳವರೂ ಮಾಡುತ್ತಿದ್ದರಂತೆ. ಆದರೆ ಎಲ್ಲ ತಿಳಿದವನು ವರ್ಷ ವರ್ಷವೂ ನಮ್ಮ ಕೇಕ್ ತಿನ್ನುತ್ತ, ಅಮ್ಮನ ಮಾತಿಗೆ ತಲೆದೂಗಿದನಲ್ಲ... ಹೌ ಕುಡ್ ಹೀ? ಒಂದು ಮಾತು, "ಇಲ್ಲಮ್ಮಾ, ಅವಳು ಹೋಗಿದ್ಲು" ಅಂದಿದ್ದರೆ ಸಾಕಿತ್ತು. ಅಮ್ಮ ಅವತ್ತೇ ಸೀರೆ ಬದಲಾಯಿಸಿ ಹೊರಡುತ್ತಿದ್ದಳು. ನನಗೆ ಗೊತ್ತು.

ಅವನು ತೀರಿಕೊಂಡಾಗ ಬೀದಿಯವರೆಲ್ಲ ಹೋದರು. ನಾನು ಹೋಗಲಿಲ್ಲ.

ಆ ಪಿಕ್ಚರ್ ಮಾತ್ರ ಹಳತಾಗಿಲ್ಲ. ಪ್ರತಿ ಡಿಸೆಂಬರ್ ಟಿವಿಯಲ್ಲಿ ಬರುತ್ತದೆ, ಒಬ್ಬಳೇ ಕೂತು ಪೂರ್ತಿ ನೋಡುತ್ತೇನೆ. ಬೆಲ್ ಆದರೆ ಈಗಲೂ ಅಳು ಬರುತ್ತದೆ, ನನ್ನ ಮೇಲೆ ನನಗೇ ಸಿಟ್ಟು. ಆದರೆ ಆ ತಾಯಿ ಟ್ರೇನ್ ಹತ್ತುವಾಗ ಪಕ್ಕದಲ್ಲಿರುವ ಅಮ್ಮನ ಕುರ್ಚಿಯ ಕಡೆ ತಿರುಗಲು ನನ್ನಿಂದ ಇಂದಿಗೂ ಆಗುವುದಿಲ್ಲ.