ನಾಲ್ಕನೇ ಆಂಟನಿ ಮತ್ತು ಹಜಾರದ ಕಡವೆ

ಆ ಕ್ಲಬ್ಬಿನ ಹಜಾರದಲ್ಲಿ ಕೆಲಸಕ್ಕೆ ನಿಂತವನು ಯಾರೇ ಆಗಲಿ, ಅವನ ಹೆಸರು ಆಂಟನಿ. ಮೊದಲಿಗೆ ನಿಜವಾಗಿಯೂ ಆಂಟನಿ ಎಂಬೊಬ್ಬರು ಇದ್ದರಂತೆ. ಅವರು ತೀರಿಕೊಂಡ ಮೇಲೆ ಬಂದವನನ್ನೂ ಸದಸ್ಯರು ಹಾಗೆಯೇ ಕೂಗಿದರು. ದೊಡ್ಡವರ ನಾಲಿಗೆಗೆ ಹೊಸ ಹೆಸರು ಕಲಿಯುವ ದರ್ದು ಏನಿದೆ? ಹೀಗೆ ಸುರಪುರ ಸೀಮೆಯಿಂದ ಬಂದ ಮಾನಪ್ಪ, ಹಲಸೂರು ಕೆರೆಯ ಹತ್ತಿರದ ಆ ಹಳೇ ಕ್ಲಬ್ಬಿನಲ್ಲಿ ಇಪ್ಪತ್ತಾರು ವರ್ಷ ನಾಲ್ಕನೇ ಆಂಟನಿಯಾಗಿ ದುಡಿದ. ಮೊದಮೊದಲು “ನಾ ಮಾನಪ್ಪರೀ” ಎಂದು ಹೇಳಿ ನೋಡಿದ್ದ. ಆಮೇಲೆ ಸಾಕಾಗಿ ಬಿಟ್ಟ. ಆಂಟನಿ ಎಂದರೆ ಕಾಲುಗಳು ತಾವಾಗಿಯೇ ಓಡುತ್ತಿದ್ದವು.

ಈ ತಿಂಗಳ ಕೊನೆಗೆ ಅವನಿಗೆ ಅರವತ್ತು, ನಿವೃತ್ತಿ. ಮಂಡಿ ಸವೆದಿದೆ, ಮರ್ಫಿ ಟೌನಿನ ಬಾಡಿಗೆ ಕೋಣೆಯಿಂದ ಕ್ಲಬ್ಬಿಗೆ ಬರುವಷ್ಟರಲ್ಲಿ ಎರಡು ಕಡೆ ಕೂರಬೇಕು. ಹೋಗುವ ಮುಂಚೆ ಅವನಿಗೆ ಬೇಕಿದ್ದದ್ದು ಒಂದೇ. ಇಪ್ಪತ್ತೈದು ವರ್ಷ ದಾಟಿದ ನೌಕರರ ಹೆಸರನ್ನು ಹಜಾರದ ಮರದ ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುವುದು ಅಲ್ಲಿನ ಪದ್ಧತಿ. ಅಲ್ಲಿ ಮಾನಪ್ಪ ಎಂದಿರಬೇಕು. ತಾನೇ ಒಂದು ಚೀಟಿಯಲ್ಲಿ ಬರೆದು ಮ್ಯಾನೇಜರ್ ನಿತೀಶನ ಕೈಗೆ ಕೊಟ್ಟಿದ್ದ. “ಹಾಕಿಸ್ತೀನಿ ಬಿಡಿ ಆಂಟನಿ” ಎಂದಿದ್ದ ಆ ಪುಣ್ಯಾತ್ಮ.

ಅದೇ ವಾರ ಬೃಂದಾ ಬಂದರು. ಕಾಡುಪ್ರಾಣಿಗಳ ಬಗ್ಗೆ ಓದಿಕೊಂಡ ಹೊಸ ಸದಸ್ಯೆ. ಹಜಾರದ ಗೋಡೆಯ ಮೇಲೆ ಬ್ರಿಟಿಷರ ಕಾಲದ್ದೊಂದು ಕೊಂಬಿನ ತಲೆ ಇತ್ತು. ವಾರಕ್ಕೊಮ್ಮೆ ಅದರ ಧೂಳು ಹೊಡೆಯುವವನು ಮಾನಪ್ಪನೇ. ಕೆಳಗಿನ ಹಿತ್ತಾಳೆ ತಗಡಿನಲ್ಲಿ ‘ಎಲ್ಕ್’ ಎಂದು ಕೆತ್ತಿದ್ದನ್ನು ಕಂಡದ್ದೇ ಬೃಂದಾ ಸಿಡಿಮಿಡಿಗೊಂಡು ಏಣಿ ತರಿಸಿ ಹತ್ತಿದರು. ಮಾನಪ್ಪ ಕೆಳಗೆ ಹಿಡಿದು ನಿಂತ.

“ಇದು ಎಲ್ಕ್ ಅಲ್ವೇ ಅಲ್ಲ. ಅದು ಯೂರೋಪಿನ ಪ್ರಾಣಿ, ಕೊಂಬು ಮೊರದಷ್ಟು ಅಗಲ. ಅಮೆರಿಕಕ್ಕೆ ಹೋದ ಬಿಳಿಯರು ಅಲ್ಲಿ ಬೇರೆ ಒಂದು ದೊಡ್ಡ ಜಿಂಕೆ ನೋಡಿ ಅದಕ್ಕೂ ಎಲ್ಕ್ ಅಂದ್ಬಿಟ್ರು. ಅಲ್ಲಿನ ಮೂಲ ಜನ ಅದನ್ನ ವಾಪಿಟಿ ಅಂತಿದ್ರು, ಬಿಳೀ ಹಿಂಭಾಗದ್ದು ಅಂತ ಅರ್ಥ. ಯಾರು ಕೇಳ್ತಾರೆ? ಇಲ್ಲಿಗೆ ಬಂದೋರು ಇದಕ್ಕೂ ಅದನ್ನೇ ಕಟ್ಟಿದ್ರು. ಊರಿಂದ ಹೊತ್ಕೊಂಡು ಬಂದಿದ್ದ ಹೆಸರು ಅದೊಂದೇ, ಏನ್ಮಾಡ್ತಾರೆ!”

“ನಮ್ಮ ಕಡೆ ಕಡವಿ ಅಂತಾರ್ರೀ,” ಎಂದ ಮಾನಪ್ಪ. “ಅಡಿಗಿಮನ್ಯಾಗಿನ ಶೌಕತ್ ಸಾಂಬರ್ ಅಂತಾನ. ನಮ್ಮ ಓಣ್ಯಾಗ ತಮಿಳು ಮುದುಕಿ ಒಬ್ಬಾಕಿ ಕಡಮಾನ್ ಅಂದಿದ್ಲು.”

ಬೃಂದಾ ಎಲ್ಲವನ್ನೂ ಬರೆದುಕೊಂಡರು. “ಸಾಂಬರ್ ಸಂಸ್ಕೃತದಿಂದ ಬಂದಿದ್ದು, ಹಿಂದಿಯೋರ ಬಾಯಲ್ಲಿ ಹಾಗಾಯ್ತು. ಹೊಸ ತಗಡಿನಲ್ಲಿ ಎಲ್ಲಾನೂ ಹಾಕೋಣ. ಪಾಪ, ತೊಂಬತ್ತು ವರ್ಷದಿಂದ ಬೇರೆಯವರ ಹೆಸರಲ್ಲಿ ನೇತಾಡ್ತಿದೆ. ಥ್ಯಾಂಕ್ಸ್ ಆಂಟನಿ.”

ಮಾನಪ್ಪನಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕಲ್ಲ. ಏಣಿ ಮಡಚಿ ಒಯ್ದ. ಆದರೂ ಆಸೆ ಗಟ್ಟಿಯಾಯಿತು. ಸತ್ತ ಮೃಗದ ಹೆಸರನ್ನೇ ಇಷ್ಟು ಮುತುವರ್ಜಿಯಿಂದ ತಿದ್ದುವ ಜನ ಬದುಕಿರುವವನದ್ದನ್ನು ತಪ್ಪು ಬರೆಸುತ್ತಾರೆಯೇ?

ಬರೆಸಿದರು. ಬೀಳ್ಕೊಡುಗೆಯ ಮಧ್ಯಾಹ್ನ ಇಳಕಲ್ ಸೀರೆ ಉಟ್ಟ ಹೆಂಡತಿ ಭೀಮಬಾಯಿಯನ್ನು ಕರೆದುಕೊಂಡು ಬಂದ ಮಾನಪ್ಪ ಹಲಗೆಯ ಮುಂದೆ ನಿಂತುಬಿಟ್ಟ. ‘ಆಂಟನಿ, 1998–2024’. ಬಣ್ಣ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

“ಸರ್, ನನ್ನ ಚೀಟಿ?”

“ಕಮಿಟೀಲಿ ಹೇಳ್ದೆ,” ಎಂದ ನಿತೀಶ. “ಮಾನಪ್ಪ ಅಂದ್ರೆ ಯಾರು ಅಂತಾನೇ ಗೊತ್ತಾಗಲ್ಲ, ಮೆಂಬರ್ಸ್‌ಗೆಲ್ಲ ನೀವು ಆಂಟನೀನೇ ಅಂದ್ರು. ಪ್ರೀತಿಯಿಂದ ಹಾಕ್ಸಿರೋದು. ಬೇಜಾರ್ ಮಾಡ್ಕೋಬೇಡಿ.”

ಭೀಮಬಾಯಿಗೆ ಓದು ಬಾರದು, ಕಿವಿ ಚುರುಕು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ‘ಇವ್ರು’, ‘ನಮ್ಮನ್ಯಾವ್ರು’ ಬಿಟ್ಟು ಬೇರೆ ಅಂದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದ ಮನೆಯವಳ ಕೈಲಿ ಹೇಳಿಸಿದವಳು. ಈಗ ಕೇಕಿನ ತಟ್ಟೆಯನ್ನು ಮೇಜಿನ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು.

“ಇವ್ರ ಹೆಸ್ರು ಮಾನಪ್ಪ ಐತ್ರೀ,” ಎಂದಳು. ಹಜಾರಕ್ಕೆಲ್ಲ ಕೇಳಿಸಿತು. “ಮಾನಪ್ಪ.”

ಬೃಂದಾ ತಲೆ ತಗ್ಗಿಸಿದರು. ಮುಂದಿನ ವರ್ಷ ಪೇಂಟರ್ ಬಂದಾಗ ನೋಡೋಣ ಎಂದ ನಿತೀಶ. ಯಾರೋ ಚಪ್ಪಾಳೆ ಶುರುಮಾಡಿದರು, ಹಾರ ಬಿತ್ತು, ಫೋಟೋ ಆಯಿತು.

ಮನೆಯ ದಾರಿಯಲ್ಲಿ ಮಂಡಿ ಹಿಡಿದುಕೊಂಡು ಮಾನಪ್ಪ ಒಂದು ಅಂಗಡಿ ಕಟ್ಟೆಯ ಮೇಲೆ ಕೂತ. ಭೀಮಬಾಯಿ ಪಕ್ಕದಲ್ಲಿ ಅಳುತ್ತಿದ್ದಳು. “ಬಾಯಿ ತಪ್ಪಿ ಅಂದ್ಬಿಟ್ನಲ್ರೀ, ನಿಮಗ ಏನರ ಆದ್ರ?” ಅವನಿಗೆ ಸಂಕಟವಾಯಿತು. ಅವ್ವ ಸತ್ತ ಮೇಲೆ ಆ ಹೆಸರನ್ನು ಯಾರೂ ಬಾಯಿತುಂಬ ಅಂದಿರಲಿಲ್ಲ. ಇನ್ನೊಂದು ಸಲ ಅನ್ನು ಎಂದು ಕೇಳಬೇಕೆನಿಸಿತು. ಅವಳ ಮುಖ ನೋಡಿ, “ಏನೂ ಆಗಂಗಿಲ್ಲ, ನಡಿ” ಎಂದು ಎದ್ದ.